ಕೆಲಸ ಬಿಡದೆ ಹಾಡಿದವರು

‘ಕಂಟ್ರಿ ರೋಡ್ಸ್’ ಹಾಡು ಗೊತ್ತಿಲ್ಲದವರು ನಮ್ಮ ನಡುವೆ ಯಾರೂ ಇರಲಾರರು. ಗಿಟಾರ್ ಕಲಿಯಲು ಕೂತವರಿಗೆ ಮೂರು ನಾಲ್ಕು ಕಾರ್ಡ್ ಕೈಗೆ ಬಂದವೆಂದರೆ ಮೊದಲು ನುಡಿಸುವುದು ಅದನ್ನೇ. ಯುವಕೂಟದ ಪಿಕ್ನಿಕ್ ಬಸ್ಸು ಹೊಸೂರು ದಾಟುವಷ್ಟರಲ್ಲಿ ಯಾರಾದರೊಬ್ಬರು ಶುರು ಮಾಡಿಯೇ ಬಿಡುತ್ತಾರೆ. ಜಾನ್ ಡೆನ್ವರ್ ಅದನ್ನು ಜನರ ಮುಂದೆ ಮೊದಲ ಬಾರಿ ಹಾಡಿದ್ದು 1970ರ ಡಿಸೆಂಬರ್ ಕೊನೆಯಲ್ಲಿ, ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಬಡಾವಣೆಯ ‘ಸೆಲ್ಲರ್ ಡೋರ್’ ಎಂಬ ಪುಟ್ಟ ಕ್ಲಬ್ಬಿನಲ್ಲಿ. ಹಾಡನ್ನು ಬರೆಯತೊಡಗಿ ಅರ್ಧಕ್ಕೆ ನಿಂತಿದ್ದ ಬಿಲ್ ಡ್ಯಾನಾಫ್ ಮತ್ತು ಟ್ಯಾಫಿ ನಿವರ್ಟ್ ಜೊತೆ ಒಂದು ರಾತ್ರಿ ಕೂತು ಡೆನ್ವರ್ ಅದನ್ನು ಮುಗಿಸಿದ್ದ.

ಸರಿಯಾಗಿ ನಾಲ್ಕು ವರ್ಷಗಳ ನಂತರ, 1974ರ ಡಿಸೆಂಬರಿನಲ್ಲಿ, ಅದೇ ಕೋಣೆಯಲ್ಲಿ ಐದು ಜನ ಗಂಡಸರು ತಮ್ಮ ಕಛೇರಿಯನ್ನು ರೆಕಾರ್ಡ್ ಮಾಡಿಸಿಕೊಂಡರು. ಅವರಲ್ಲಿ ಒಬ್ಬ ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯ. ಒಬ್ಬ ಗಣಿತಜ್ಞ. ಒಬ್ಬ ‘ನ್ಯಾಷನಲ್ ಜಿಯಾಗ್ರಫಿಕ್’ನಲ್ಲಿ ಭೂಪಟ ಬರೆಯುವವನು. ಒಬ್ಬ ಪತ್ರಿಕೆಗೆ ಚಿತ್ರವಿನ್ಯಾಸ ಮಾಡುವವನು. ಐದನೆಯವನಿಗೆ ಹಳೆಯ ವಾದ್ಯಗಳನ್ನು ರಿಪೇರಿ ಮಾಡುವ ಕೆಲಸ. ಈ ಬ್ಯಾಂಡಿನ ಹೆಸರು ‘ದ ಸೆಲ್ಡಮ್ ಸೀನ್’. ಕನ್ನಡದಲ್ಲಿ ಹೇಳುವುದಾದರೆ ‘ಅಪರೂಪಕ್ಕೆ ಕಾಣಸಿಗುವವರು’. 1971ರಲ್ಲಿ ಹುಟ್ಟಿದ ಈ ಬ್ಯಾಂಡು ಅರ್ಧ ಶತಮಾನ ದಾಟಿ ಇಂದಿಗೂ ಹಾಡುತ್ತಿದೆ. ನಮ್ಮ ಪಾಲಿಗೆ ಈ ಕಥೆ ಮುಖ್ಯವಾಗಲು ಕಾರಣ ಸಂಗೀತ ಒಂದೇ ಅಲ್ಲ. ಎ ಶಿಫ್ಟ್, ಬಿ ಶಿಫ್ಟ್ ನಡುವೆ ಗಾನವೃಂದದ ಅಭ್ಯಾಸಕ್ಕೆ ಓಡಿಬರುವ ನಮ್ಮಂಥವರಿಗೆ, ಕೆಲಸವನ್ನೂ ಹಾಡನ್ನೂ ಒಟ್ಟಿಗೆ ಹಿಡಿದುಕೊಂಡವರ ಕಥೆ ಕೇಳಬೇಕೆನಿಸುತ್ತದೆ.

ಮೊದಲು ಬ್ಲೂಗ್ರಾಸ್ ಅಂದರೇನು ಅಂತ ಎರಡು ಮಾತು. ಕೆಂಟಕಿ ರಾಜ್ಯಕ್ಕೆ ‘ನೀಲಿಹುಲ್ಲಿನ ನಾಡು’ ಎಂಬ ಅಡ್ಡಹೆಸರಿದೆ. ಅಲ್ಲಿನ ರೋಸೀನ್ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ತನ್ನ ಬ್ಯಾಂಡಿಗೆ ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಹೆಸರಿಟ್ಟ. ಮುಂದೆ ಆ ಬಗೆಯ ಸಂಗೀತಕ್ಕೇ ಆ ಹೆಸರು ಅಂಟಿಕೊಂಡಿತು. ಮನ್ರೋನ ಮೊದಲ ಪಾಠಶಾಲೆ ಚರ್ಚಿನ ಹಾಡುಗಾರಿಕೆಯೇ. ಆ ಕಡೆಯ ಹಳ್ಳಿಗಳಲ್ಲಿ ಹಾಡಿನ ಶಾಲೆಗಳು ನಡೆಯುತ್ತಿದ್ದವು. ಸ್ವರಲಿಪಿ ಓದಲು ಬಾರದ ಹಳ್ಳಿಯವರಿಗೆ ಸುಲಭವಾಗಲೆಂದು ನೋಟುಗಳ ತಲೆಯನ್ನು ತ್ರಿಕೋನ, ಚೌಕ, ವಜ್ರ ಹೀಗೆ ಬೇರೆ ಬೇರೆ ಆಕಾರದಲ್ಲಿ ಅಚ್ಚು ಹಾಕಿ ಕಲಿಸುತ್ತಿದ್ದರು. ಹುಡುಗ ಮನ್ರೋಗೆ ದೃಷ್ಟಿದೋಷವಿತ್ತು, ಆ ಆಕಾರಗಳೂ ಸರಿಯಾಗಿ ಕಾಣುತ್ತಿರಲಿಲ್ಲ. ಕಿವಿಯಿಂದಲೇ ಕಲಿತ. 1939ರಲ್ಲಿ ನ್ಯಾಶ್‌ವಿಲ್ಲಿನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೋ ವೇದಿಕೆಗೆ ಬಂದ. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಎಂಬ ತರುಣ ಮೂರು ಬೆರಳಿನ ಬ್ಯಾಂಜೊ ನುಡಿಸಾಣಿಕೆಯೊಂದಿಗೆ ಬಂದು ಸೇರಿಕೊಂಡ ಮೇಲೆ ಈ ಸಂಗೀತಕ್ಕೆ ಅದರದೇ ವೇಗ ಬಂತು. ಆ ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ನೆನಪಿನಲ್ಲಿ ಬಂದ ವಾದ್ಯ ಎಂಬುದನ್ನು ಮರೆಯಬಾರದು. ಬೆಟ್ಟಗಾಡಿನ ಬಿಳಿಯರ ಸಂಗೀತ ಎಂದು ಹೇಳಿಕೊಂಡರೂ ಅದರ ಬೆನ್ನೆಲುಬು ಬೇರೆಯವರದು.

ಬ್ಲೂಗ್ರಾಸಿನಲ್ಲಿ ಡ್ರಮ್ ಇಲ್ಲ. ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊ, ಪಿಟೀಲು, ನಿಂತು ನುಡಿಸುವ ದೊಡ್ಡ ಬೇಸ್ ಇಷ್ಟೇ. ಕೆಲವರಲ್ಲಿ ಡೋಬ್ರೊ ಕೂಡ ಇರುತ್ತದೆ. ಮ್ಯಾಂಡೊಲಿನ್ ತಂತಿಯನ್ನು ಚಟ್ಟನೆ ತಡೆದು ನುಡಿಸುವ ಸದ್ದೇ ತಾಳ. ಹಾಡಿನ ವಿಷಯದಲ್ಲಿ ನಮ್ಮ ಗಾನವೃಂದದವರಿಗೆ ಕುತೂಹಲ ತರಿಸುವ ಒಂದು ಸಂಗತಿ ಇದೆ. ನಾವು ನಾಲ್ಕು ಧ್ವನಿಯಲ್ಲಿ ಹಾಡುವಾಗ ಮೂಲ ರಾಗ ಮೇಲಿನ ಸೊಪ್ರಾನೊದಲ್ಲಿರುತ್ತದೆ, ಉಳಿದವರು ಅದರ ಕೆಳಗೆ. ಬ್ಲೂಗ್ರಾಸಿನಲ್ಲಿ ಮೂಲ ರಾಗ ನಡುವಿನಲ್ಲಿರುತ್ತದೆ. ಟೆನರ್ ಹಾಡುವವನು ಅದರ ಮೇಲೆ ಹತ್ತಿ, ಗಂಟಲು ಬಿರಿಯುವಷ್ಟು ಎತ್ತರದಲ್ಲಿ ನಿಲ್ಲುತ್ತಾನೆ. ಬ್ಯಾರಿಟೋನ್ ಕೆಳಗಿನ ಸಂದನ್ನು ತುಂಬುತ್ತಾನೆ. ಭಕ್ತಿಗೀತೆ ಬಂದಾಗ ಮಾತ್ರ ನಾಲ್ಕನೆಯ ಬೇಸ್ ಧ್ವನಿ ಸೇರಿಕೊಂಡು ‘ಕ್ವಾರ್ಟೆಟ್’ ಆಗುತ್ತದೆ. ಯಾವ ಬ್ಲೂಗ್ರಾಸ್ ಕಛೇರಿಯಲ್ಲೂ ಹೆಂಡದಂಗಡಿಯ ಹಾಡು, ರೈಲಿನ ಹಾಡು, ಕೊಲೆಯ ಹಾಡುಗಳ ನಡುವೆ ಒಂದೆರಡು ಭಕ್ತಿಗೀತೆ ಇದ್ದೇ ಇರುತ್ತವೆ. ನಮಗೆ ವಿಚಿತ್ರ ಅನಿಸಬಹುದು, ಅಲ್ಲಿನವರಿಗೆ ಹಾಗೆ ಅನಿಸುವುದಿಲ್ಲ.

ಇನ್ನು ಬೆಟ್ಟದ ಸಂಗೀತ ರಾಜಧಾನಿಗೆ ಹೇಗೆ ಬಂತು? ಕೆಲಸ ಹುಡುಕಿಕೊಂಡು ಬಂದವರ ಜೊತೆ. ಎರಡನೆಯ ಮಹಾಯುದ್ಧದ ಹೊತ್ತಿಗೂ ಆಮೇಲೂ ಅಪ್ಪಲೇಚಿಯನ್ ಬೆಟ್ಟಗಳ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ವಾಷಿಂಗ್ಟನ್, ಬಾಲ್ಟಿಮೋರ್ ಕಡೆ ಇಳಿದು ಬಂದವು. ಸರ್ಕಾರಿ ಕಚೇರಿ, ಸೈನ್ಯ, ಕಾರ್ಖಾನೆ ಎಲ್ಲ ಅಲ್ಲಿದ್ದವು. ಸಂಜೆ ಹೊತ್ತು ಬಾರುಗಳಲ್ಲಿ ಅವರ ಊರಿನ ಹಾಡು ಕೇಳಿಸತೊಡಗಿತು. ನಗರದಲ್ಲಿ ಓದಿ ಬೆಳೆದ ಹುಡುಗರೂ ಅದನ್ನು ಕೇಳಿದರು. ಜಾನ್ ಡಫಿ ಅಂಥ ಒಬ್ಬ. 1934ರಲ್ಲಿ ವಾಷಿಂಗ್ಟನ್ನಿನಲ್ಲೇ ಹುಟ್ಟಿದವನು, ಅಪ್ಪ ಆಪೆರಾ ಗಾಯಕ. ಮಗ ಆ ದೊಡ್ಡ ಗಂಟಲನ್ನು ತೆಗೆದುಕೊಂಡು ಹಳ್ಳಿಯ ಹಾಡಿಗೆ ಹೋದ.

1957ರ ಜುಲೈ 4ರಂದು ವರ್ಜೀನಿಯಾದ ಒಂದು ಬಾರಿನಲ್ಲಿ ಹಾಡಬೇಕಿದ್ದ ಬ್ಯಾಂಡಿನವರು ಕಾರು ಅಪಘಾತದಲ್ಲಿ ಗಾಯಗೊಂಡಿದ್ದರು. ಒಪ್ಪಿಕೊಂಡ ಕಾರ್ಯಕ್ರಮ ತಪ್ಪಬಾರದೆಂದು ಅವರ ಬ್ಯಾಂಜೊಗಾರ ಬಿಲ್ ಎಮರ್ಸನ್ ಸಿಕ್ಕಿದವರನ್ನು ಕೂಡಿಸಿಕೊಂಡು ಹೋದ. ಗಿಟಾರಿಗೆ ಚಾರ್ಲಿ ವಾಲರ್, ಮ್ಯಾಂಡೊಲಿನ್ನಿಗೆ ಡಫಿ. ಒಂದು ರಾತ್ರಿಯ ಬದಲಿ ತಂಡ ‘ಕಂಟ್ರಿ ಜೆಂಟಲ್‌ಮೆನ್’ ಎಂಬ ಹೆಸರಾಂತ ಬ್ಯಾಂಡಾಯಿತು. ಜಾನಪದ ಹಾಡು, ಜಾಝ್, ಸಿನಿಮಾ ಸಂಗೀತ ಹೀಗೆ ಸಿಕ್ಕಿದ್ದನ್ನೆಲ್ಲ ಬ್ಲೂಗ್ರಾಸಿಗೆ ಒಗ್ಗಿಸಿದ ಅವರನ್ನು ‘ಪ್ರಗತಿಪರ ಬ್ಲೂಗ್ರಾಸ್’ನ ಮೊದಲಿಗರಲ್ಲಿ ಎಣಿಸುತ್ತಾರೆ. ಆದರೆ ಊರೂರು ಅಲೆಯುವ ಬದುಕು ಡಫಿಗೆ ಸಾಕಾಯಿತು. 1969ರಲ್ಲಿ ಬ್ಯಾಂಡು ಬಿಟ್ಟು, ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ ವಾದ್ಯ ರಿಪೇರಿಗೆ ಕೂತ. ಮೂವತ್ತೈದರ ಹೊತ್ತಿಗೆ ತನ್ನ ಕಾಲದ ಅತ್ಯುತ್ತಮ ಟೆನರ್‌ಗಳಲ್ಲೊಬ್ಬ ಹಾಡು ನಿಲ್ಲಿಸಿ ಗಿಟಾರಿಗೆ ಅಂಟು ಹಚ್ಚುತ್ತಿದ್ದ!

ಅಲ್ಲಿಗೆ ಮುಗಿಯಬೇಕಿತ್ತು. ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ಗಣಿತಜ್ಞ ಬೆನ್ ಎಲ್ಡ್ರಿಜ್ ಮನೆಯ ನೆಲಮಾಳಿಗೆಯಲ್ಲಿ ವಾರಕ್ಕೊಮ್ಮೆ ಗೆಳೆಯರು ಸೇರಿ ನುಡಿಸುತ್ತಿದ್ದರು. ಎಲ್ಡ್ರಿಜ್ ಬ್ಯಾಂಜೊ. ವಿಯೆಟ್ನಾಮಿನಲ್ಲಿ ಸೈನ್ಯದ ವೈದ್ಯನಾಗಿದ್ದು ಬಂದ ಜಾನ್ ಸ್ಟಾರ್ಲಿಂಗ್ ಗಿಟಾರ್ ಹಿಡಿದು ಹಾಡುತ್ತಿದ್ದ. ಮೈಕ್ ಆಲ್ಡ್ರಿಜ್ ಡೋಬ್ರೊ. ಹಿಂದೆ ಕಂಟ್ರಿ ಜೆಂಟಲ್‌ಮೆನ್‌ನಲ್ಲಿ ಬೇಸ್ ನುಡಿಸಿದ್ದ ಟಾಮ್ ಗ್ರೇ ಭೂಪಟದ ಕೆಲಸ ಮುಗಿಸಿ ಬರುತ್ತಿದ್ದ. ಡಫಿ ಕೂಡ ಬಂದ. ಎಲ್ಲೋ ಒಂದು ಕಡೆ ವಾರಕ್ಕೊಂದು ದಿನ ಜನರ ಮುಂದೆ ಹಾಡೋಣ ಎಂದು ಮಾತಾಯಿತು. ಕೆಲವರು ಇಸ್ಪೀಟಿಗೆ ಹೋಗುವಂತೆ ನಾವು ಇದಕ್ಕೆ ಹೋಗೋಣ, ಅಷ್ಟೇ. ಇದನ್ನು ಕೇಳಿದ ಚಾರ್ಲಿ ವಾಲರ್ ನಕ್ಕು, ‘ಹಾಗಾದರೆ ನಿಮ್ಮ ಹೆಸರೇನು, ಅಪರೂಪಕ್ಕೆ ಕಾಣುವವರು ಅಂತಲೋ’ ಎಂದನಂತೆ. ಗೇಲಿಯನ್ನೇ ಹೆಸರು ಮಾಡಿಕೊಂಡರು. ‘ಕಾಣು’ ಎಂಬ ಪದದ ಜಾಗದಲ್ಲಿ ಅದೇ ಉಚ್ಚಾರದ ‘ದೃಶ್ಯ’ ಎಂಬ ಪದ ಹಾಕಿದರು. ಅದಕ್ಕೇ ಅವರ ಮೊದಲ ಮೂರು ರೆಕಾರ್ಡುಗಳ ಹೆಸರು ನಾಟಕದ ಅಂಕಗಳಂತೆ ‘ಆಕ್ಟ್ 1’, ‘ಆಕ್ಟ್ 2’, ‘ಆಕ್ಟ್ 3’. 1972 ಮತ್ತು 1973ರಲ್ಲಿ ಒಂದರ ಹಿಂದೊಂದು ಬಂದವು.

1972ರಿಂದ ಬೆಥೆಸ್ಡಾದ ‘ರೆಡ್ ಫಾಕ್ಸ್ ಇನ್’ನಲ್ಲಿ ವಾರಕ್ಕೊಂದು ರಾತ್ರಿ. ವಾರಾಂತ್ಯಕ್ಕೆ ಯಾವುದಾದರೂ ಉತ್ಸವ ಇದ್ದರೆ ಹೋಗುವುದು, ಸೋಮವಾರ ಬೆಳಿಗ್ಗೆ ಎಲ್ಲರೂ ಅವರವರ ಕೆಲಸದಲ್ಲಿ. ಹೊಟ್ಟೆಪಾಡಿಗೆ ಹಾಡಬೇಕಾಗಿಲ್ಲದ ಕಾರಣ ಅವರಿಗೆ ಒಂದು ಸ್ವಾತಂತ್ರ್ಯ ಸಿಕ್ಕಿತು ಎಂದು ನಮಗನಿಸುತ್ತದೆ. ಸಂಪ್ರದಾಯದವರು ಬೇಸರ ಮಾಡಿಕೊಂಡಾರು ಎಂಬ ಭಯವಿಲ್ಲ, ರೆಕಾರ್ಡ್ ಕಂಪನಿ ಏನಂದೀತು ಎಂಬ ಚಿಂತೆಯಿಲ್ಲ. ಜೇಮ್ಸ್ ಟೇಲರ್ ಹಾಡು ಇಷ್ಟವಾಯಿತೇ, ಹಾಡಿದರು. ಬಾಬ್ ಡಿಲನ್, ಸ್ಟೀವ್ ಗುಡ್‌ಮನ್ ಹಾಡುಗಳನ್ನೂ ಬಿಡಲಿಲ್ಲ. ಆಮೇಲೆ ಮನ್ರೋನ ಹಳೆಯ ವಾದ್ಯಸಂಗೀತವನ್ನೂ ಅಷ್ಟೇ ಗೌರವದಿಂದ ನುಡಿಸಿದರು. ‘ಪ್ರಗತಿಪರ’ ಎಂಬ ಮಾತಿಗೆ ಆ ಕಾಲದಲ್ಲಿ ಜಗಳವೇ ನಡೆಯುತ್ತಿತ್ತು. ಉದ್ದ ಕೂದಲು ಬಿಟ್ಟು ರಾಕ್ ಸಂಗೀತದ ಅಬ್ಬರ ತಂದ ‘ನ್ಯೂಗ್ರಾಸ್’ ತಂಡಗಳು ಒಂದು ಕಡೆ, ಮನ್ರೋ ಹಾಕಿದ ಗೆರೆ ದಾಟಬಾರದು ಎನ್ನುವವರು ಇನ್ನೊಂದು ಕಡೆ. ಸೆಲ್ಡಮ್ ಸೀನ್ ನಡುವೆ ನಿಂತಿತು. ವಾದ್ಯ ಬದಲಿಸಲಿಲ್ಲ, ಹಾಡು ಬದಲಿಸಿತು. ಧ್ವನಿಗಳನ್ನು ನಯವಾಗಿ, ಅಚ್ಚುಕಟ್ಟಾಗಿ ಹೊಂದಿಸಿತು. ಬೆಟ್ಟದ ಹಾಡಿನ ಒರಟುತನ ಹೋಯಿತಲ್ಲ ಎಂಬ ದೂರು ಬಂತು. ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಬ್ಲೂಗ್ರಾಸನ್ನು ಹಿಂದೆಂದೂ ಕೇಳದ ನಗರದ ಜನ ಅದರಿಂದಲೇ ಬಾಗಿಲೊಳಗೆ ಬಂದರು.

ಆಲ್ಡ್ರಿಜ್‌ನ ಡೋಬ್ರೊ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇದು ಮಲಗಿಸಿ ನುಡಿಸುವ ಗಿಟಾರ್. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ. ಒಳಗೆ ಲೋಹದ ಬಟ್ಟಲು ಕೂರಿಸಿ ಸದ್ದು ದೊಡ್ಡದು ಮಾಡಿದವರು ಸ್ಲೊವಾಕಿಯಾ ಮೂಲದ ಡೋಪೆರಾ ಸಹೋದರರು. ಜಾರಿಸಿ ನುಡಿಸುವ ರೀತಿ ಬಂದದ್ದು ಹವಾಯಿ ದ್ವೀಪಗಳಿಂದ. ಅದೇ ಹವಾಯಿ ಗಿಟಾರ್ ನಮ್ಮ ದೇಶಕ್ಕೂ ಬಂದು ಕೊನೆಗೆ ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನವೀಣೆಯಾಯಿತು. ಆಲ್ಡ್ರಿಜ್ ನಂತರದ ತಲೆಮಾರಿನ ದೊಡ್ಡ ಡೋಬ್ರೊ ವಾದಕ ಜೆರ್ರಿ ಡಗ್ಲಸ್ ಮತ್ತು ಭಟ್ಟರು 1990ರ ದಶಕದಲ್ಲಿ ಒಟ್ಟಿಗೆ ಒಂದು ಆಲ್ಬಂ ಕೂಡ ಮಾಡಿದ್ದಾರೆ. ಗೋಟುವಾದ್ಯ ಕೇಳಿದವರಿಗೆ ಡೋಬ್ರೊ ಹೊಸದೆನಿಸುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಆ ಗಮಕ ಕಿವಿಗೆ ಪರಿಚಿತವೇ. ಆಲ್ಡ್ರಿಜ್‌ನ ಸೋದರಮಾವ ಎಲ್ಸ್‌ವರ್ತ್ ಕಜೆನ್ಸ್ 1928ರಲ್ಲಿ ಹಳ್ಳಿಹಾಡಿನ ದೊಡ್ಡ ತಾರೆ ಜಿಮ್ಮಿ ರಾಜರ್ಸ್ ಜೊತೆ ಸ್ಟೀಲ್ ಗಿಟಾರ್ ನುಡಿಸಿದ್ದವನು. ಮನೆಯಲ್ಲೇ ಇದ್ದ ವಿದ್ಯೆ. ಆದರೂ ಅವಸರವಿಲ್ಲದೆ, ಒಂದೊಂದು ಸ್ವರಕ್ಕೂ ಉಸಿರು ಬಿಟ್ಟು ನುಡಿಸುವ ಗುಣ ಆಲ್ಡ್ರಿಜ್‌ನದೇ.

ಈಗ ಸೆಲ್ಲರ್ ಡೋರಿಗೆ ಹಿಂದಿರುಗೋಣ. ಇನ್ನೂರು ಜನರೂ ಹಿಡಿಸದ ಕೋಣೆ. 1975ರಲ್ಲಿ ಎರಡು ತಟ್ಟೆಗಳ ರೆಕಾರ್ಡಾಗಿ ಬಂದ ಆ ಕಛೇರಿಯನ್ನು ಇಂದಿಗೂ ಬ್ಲೂಗ್ರಾಸಿನ ಅತ್ಯುತ್ತಮ ಲೈವ್ ರೆಕಾರ್ಡುಗಳಲ್ಲಿ ಒಂದೆಂದು ಹೇಳುತ್ತಾರೆ. ಅದರಲ್ಲಿ ಹಾಡುಗಳಷ್ಟೇ ಮಾತೂ ಇದೆ. ಡಫಿ ದೊಡ್ಡ ಆಳು, ತಲೆಗೂದಲು ಮೇಲೆ ಸಮತಟ್ಟಾಗಿ ಕತ್ತರಿಸಿದ್ದು, ಕಣ್ಣು ಕುಕ್ಕುವ ಬಣ್ಣದ ಪ್ಯಾಂಟು. ಹಾಡು ಹಾಡಿನ ನಡುವೆ ಜನರನ್ನೂ ತನ್ನ ಜೊತೆಗಾರರನ್ನೂ ಕಿಚಾಯಿಸುತ್ತಾನೆ. ಕೂಡಲೇ ಮೈಕಿಗೆ ಬಂದು ಟೆನರ್ ಎತ್ತಿದನೆಂದರೆ ನಗುತ್ತಿದ್ದ ಕೋಣೆ ತಣ್ಣಗಾಗುತ್ತದೆ. ‘ರೈಡರ್’ ಎಂಬ ಹಳೆಯ ಹಾಡನ್ನು ಎತ್ತಿಕೊಂಡು, ಬ್ಯಾಂಜೊ, ಡೋಬ್ರೊ, ಮ್ಯಾಂಡೊಲಿನ್ ಒಂದರ ಹಿಂದೊಂದು ಮನಸ್ಸಿಗೆ ಬಂದಷ್ಟು ದೂರ ಒಯ್ಯುತ್ತವೆ. ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯದವರಿಗೆ ತನಿ ಬಿಡುವಂತೆ. ಸ್ಟುಡಿಯೋದಲ್ಲಿ ಹುಟ್ಟುವ ಸಂಗೀತವಲ್ಲ ಅದು, ಎದುರಿಗೆ ಕೂತವರ ಮುಖ ನೋಡಿಕೊಂಡು ಹುಟ್ಟಿದ್ದು.

ಅವರ ಹೆಸರಿನ ಜೊತೆ ಅಂಟಿಕೊಂಡ ಹಾಡು ಮಾತ್ರ ಬೇರೆ: ಹರ್ಬ್ ಪೆಡರ್ಸನ್ ಬರೆದ ‘ವೇಟ್ ಎ ಮಿನಿಟ್’. 1974ರ ‘ಓಲ್ಡ್ ಟ್ರೇನ್’ ಆಲ್ಬಮ್ಮಿನಲ್ಲಿದೆ. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಮತ್ತೆ ದಾರಿ ಹಿಡಿಯಬೇಕಾದ ಹಾಡುಗಾರನೊಬ್ಬನ ಸಂಕಟ. ಅಲೆಯುವುದಿಲ್ಲ ಎಂದು ಪಣ ತೊಟ್ಟ ಬ್ಯಾಂಡಿಗೆ ಅಲೆಮಾರಿಯ ಹಾಡೇ ಗುರುತಾಯಿತು. ಇದನ್ನು ನಾವು ವಿಪರ್ಯಾಸ ಎನ್ನುವುದಿಲ್ಲ. ಆ ಬದುಕನ್ನು ಕಂಡು ಬಿಟ್ಟು ಬಂದ ಡಫಿ ಪಕ್ಕದಲ್ಲಿ ನಿಂತು ಹಾಡಿದ್ದಕ್ಕೇ ಅದರಲ್ಲಿ ಅಷ್ಟು ನಿಜ ಇರಬೇಕು.

1977ರಲ್ಲಿ ಮೊದಲ ಪೆಟ್ಟು. ಸ್ಟಾರ್ಲಿಂಗ್ ವೈದ್ಯವೃತ್ತಿಗೆಂದು ಅಲಬಾಮಾಕ್ಕೆ ಹೊರಟ. ಮುಖ್ಯ ಗಾಯಕನೇ ಹೋದ ಮೇಲೆ ಇನ್ನೇನು ಎಂದುಕೊಂಡವರಿದ್ದರು. ಫಿಲ್ ರೋಸೆಂತಾಲ್ ಬಂದ, ಬ್ಯಾಂಡು ಮುಂದುವರಿಯಿತು. ಮರುವರ್ಷ, 1978ರಲ್ಲಿ, ‘ಬ್ಯಾಪ್ಟೈಸಿಂಗ್’ ಎಂಬ ಆಲ್ಬಂ ತಂದರು. ಅದು ಪೂರ್ತಿ ಭಕ್ತಿಗೀತೆಗಳದೇ. ಇವರು ಚರ್ಚಿನ ಬ್ಯಾಂಡೇನಲ್ಲ, ಹಾಡುತ್ತಿದ್ದದ್ದು ಬಾರಿನಲ್ಲಿ. ಆದರೂ ಗುಡ್ಡಗಾಡಿನ ಸಭೆಗಳಲ್ಲಿ ಹುಟ್ಟಿದ ಆ ನಾಲ್ಕು ಧ್ವನಿಯ ಕಟ್ಟನ್ನು ಒಂದು ಇಡೀ ರೆಕಾರ್ಡಿನಲ್ಲಿ ಹಿಡಿದಿಟ್ಟರು. ವಾದ್ಯ ಹಿಂದೆ ಸರಿದು ಧ್ವನಿಗಳು ಮುಂದೆ ಬರುತ್ತವೆ. ಗಾನವೃಂದದವರು ಇದನ್ನು ಕೇಳಬೇಕು, ಮುಖ್ಯವಾಗಿ ಬೇಸ್ ಹಾಡುವ ನಮ್ಮ ಹುಡುಗರು. ತಮ್ಮದು ಬರೀ ತುಂಬಿಸುವ ಕೆಲಸ ಎಂದುಕೊಂಡವರಿಗೆ ಬೇರೆಯೇ ಕಾಣಿಸೀತು.

ಇದೇ ಹೊತ್ತಿಗೆ ವಾರದ ಕಛೇರಿ ವರ್ಜೀನಿಯಾದ ‘ಬರ್ಚ್‌ಮಿಯರ್’ಗೆ ಸ್ಥಳಾಂತರವಾಯಿತು. ಗುರುವಾರ ರಾತ್ರಿಗಳು. ಬರ್ಚ್‌ಮಿಯರ್ ಮೊದಲು ಬರೀ ಊಟದ ಹೋಟೆಲ್. ಒಡೆಯ ಗ್ಯಾರಿ ಓಲ್ಜಿ 1975ರ ಸುಮಾರಿಗೆ ಅಲ್ಲಿ ಸಂಗೀತ ಶುರು ಮಾಡಿದ. ಅವನದೊಂದು ನಿಯಮ: ಹಾಡುವಾಗ ಮಾತಾಡಬೇಡಿ. ಮೇಜುಗಳ ಮೇಲೆ ಹಾಗೆಂದು ಚೀಟಿಯನ್ನೇ ಇಟ್ಟಿರುತ್ತಿದ್ದ. ತಿನ್ನುವ ಕುಡಿಯುವ ಜಾಗದಲ್ಲಿ ಜನ ಸುಮ್ಮನೆ ಕೂತು ಕೇಳುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಸೆಲ್ಡಮ್ ಸೀನ್ ಗುರುವಾರಗಳೇ ಆ ಜಾಗಕ್ಕೆ ಹೆಸರು ತಂದವು. ಮುಂದೆ ಅದು ಅಮೆರಿಕದ ಪ್ರಸಿದ್ಧ ಸಂಗೀತ ಸಭಾಂಗಣಗಳಲ್ಲಿ ಒಂದಾಯಿತು. ಹೊರ ಊರಿನಿಂದ ಬರುವ ಸಂಗೀತಗಾರರು ಗುರುವಾರ ವಾಷಿಂಗ್ಟನ್ನಿನಲ್ಲಿದ್ದರೆ ಅಲ್ಲಿಗೆ ಹೋಗುವುದು ವಾಡಿಕೆ. ಎಮ್ಮಿಲೂ ಹ್ಯಾರಿಸ್, ಲಿಂಡಾ ರಾನ್‌ಸ್ಟಾಟ್‌ರಂಥ ದೊಡ್ಡ ಗಾಯಕಿಯರು ಈ ಬ್ಯಾಂಡಿನ ಹಳೆಯ ಗೆಳತಿಯರು. 1986ರಲ್ಲಿ ಹದಿನೈದನೆಯ ವರ್ಷದ ಹಬ್ಬ ಕೆನಡಿ ಸೆಂಟರಿನಲ್ಲಿ ನಡೆದಾಗ ಇಬ್ಬರೂ ಬಂದು ಹಾಡಿದರು. ನೆಲಮಾಳಿಗೆಯಿಂದ ದೇಶದ ದೊಡ್ಡ ಕಲಾಮಂದಿರದ ತನಕ ಬಂದರೂ ವಾಸದ ಊರು ಬದಲಾಗಲಿಲ್ಲ.

ದೊಡ್ಡ ಸಂಕಟ ಬಂದದ್ದು 1995ರ ಕೊನೆಗೆ. ‘ಚೆಸಪೀಕ್’ ಎಂಬ ಇನ್ನೊಂದು ಬ್ಯಾಂಡನ್ನೇ ಪೂರ್ಣಕಾಲಿಕವಾಗಿ ಮಾಡಲು ಮೂವರು ಒಮ್ಮೆಗೇ ಹೊರಟರು: ಆಲ್ಡ್ರಿಜ್, ಬೇಸ್ ನುಡಿಸುತ್ತಿದ್ದ ಟಿ. ಮೈಕಲ್ ಕೋಲ್ಮನ್, ಗಾಯಕ ಮೂಂಡಿ ಕ್ಲೈನ್. ಅವರ ತಪ್ಪೇನಿಲ್ಲ. ಡಫಿ ದೂರ ಹೋಗಲು ಒಲ್ಲ, ಅವರಿಗೆ ಇನ್ನೂ ಹೆಚ್ಚು ನುಡಿಸಬೇಕು. ಆರಂಭದ ಬಲವಾಗಿದ್ದ ‘ಕಡಿಮೆ ಹಾಡುವುದು’ ಇಪ್ಪತ್ತು ವರ್ಷಗಳ ನಂತರ ಒಡಕಿಗೆ ಕಾರಣವಾಯಿತು. ಉಳಿದವರು ಡಫಿ, ಎಲ್ಡ್ರಿಜ್ ಇಬ್ಬರೇ. ಅವರು ಡಡ್ಲಿ ಕಾನೆಲ್, ಫ್ರೆಡ್ ಟ್ರಾವರ್ಸ್, ರಾನಿ ಸಿಂಪ್‌ಕಿನ್ಸ್ ಎಂಬ ಮೂವರನ್ನು ಕರೆದರು. ಕಾನೆಲ್ ಬಂದದ್ದು ಕಟ್ಟಾ ಸಂಪ್ರದಾಯದ ‘ಜಾನ್ಸನ್ ಮೌಂಟನ್ ಬಾಯ್ಸ್’ ಬ್ಯಾಂಡಿನಿಂದ. ಪ್ರಗತಿಪರ ಬ್ಯಾಂಡಿಗೆ ಹಳೆಯ ಬೆಟ್ಟದ ದನಿ ಬಂದು ಸೇರಿತು. 1996ರಲ್ಲಿ ‘ಡ್ರೀಮ್ ಸೀನ್’ ಆಲ್ಬಂ ಹೊರಬಂತು. ಅದೇ ವರ್ಷ ಡಿಸೆಂಬರ್ 10ರಂದು ಡಫಿ ಹೃದಯಾಘಾತದಿಂದ ತೀರಿಕೊಂಡ. ಅರವತ್ತೆರಡು ವರ್ಷ.

ಹೊಸಬರು ಬಂದು ಒಂದು ವರ್ಷವೂ ಆಗಿರಲಿಲ್ಲ. ಬ್ಯಾಂಡಿನ ದನಿ, ನಗು, ಮೊಂಡುತನ ಎಲ್ಲವೂ ಆಗಿದ್ದವನು ಇಲ್ಲ. ಗೌರವದಿಂದ ಮುಚ್ಚಿಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. 1980ರ ದಶಕದಲ್ಲಿ ಬ್ಯಾಂಡಿನಲ್ಲಿ ಗಿಟಾರ್ ಹಿಡಿದು ಹಾಡಿದ್ದ ಲೂ ರೀಡ್ ಹಿಂದಿರುಗಿ ಬಂದು ಮ್ಯಾಂಡೊಲಿನ್ ಹಿಡಿದ, ಟೆನರ್ ವಹಿಸಿಕೊಂಡ. ಡಫಿಯಂತೆ ಹಾಡಲು ಹೋಗಲಿಲ್ಲ, ಅದು ಆಗದ ಮಾತು. ಇಲ್ಲಿ ನಮಗೆ ನಮ್ಮದೇ ಗಾನವೃಂದ ನೆನಪಾಗುತ್ತದೆ. ನಮ್ಮಲ್ಲೂ ಚೆನ್ನಾಗಿ ಹಾಡುವವರು ಬೆಂಗಳೂರಿಗೆ, ಗಲ್ಫಿಗೆ ಹೋಗುತ್ತಾರೆ, ಮದುವೆಯಾಗಿ ಬೇರೆ ಧರ್ಮಕೇಂದ್ರ ಸೇರುತ್ತಾರೆ. ಕ್ರಿಸ್ಮಸ್ ಹತ್ತಿರ ಬಂದಾಗ ಟೆನರಿಗೆ ಯಾರಿದ್ದಾರೆ ಎಂದು ತಡಕಾಡುತ್ತೇವೆ. ಎಲ್ಲರೂ ಬದಲಾದ ಮೇಲೂ ಅದೇ ಗಾನವೃಂದವೇ? ಬ್ಲೂಗ್ರಾಸ್ ಅಭಿಮಾನಿಗಳು ಇದೇ ಪ್ರಶ್ನೆಯನ್ನು ಸೆಲ್ಡಮ್ ಸೀನ್ ಬಗ್ಗೆ ವರ್ಷಗಟ್ಟಲೆ ಚರ್ಚಿಸಿದ್ದಾರೆ. ಹಳೆಯ ಐವರನ್ನು ಕೇಳಿದ್ದವರಲ್ಲಿ ಕೆಲವರಿಗೆ ಆ ಐವರಿಲ್ಲದೆ ಅದು ಬ್ಯಾಂಡೇ ಅಲ್ಲ. ನಾವು ಅವರ ಪಕ್ಷದವರಲ್ಲ.

2014ರಲ್ಲಿ ಮೂಲ ಐವರನ್ನು ಬ್ಲೂಗ್ರಾಸಿನ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಆಗಲೇ ಡಫಿ ಇರಲಿಲ್ಲ, ಆಲ್ಡ್ರಿಜ್ 2012ರ ಡಿಸೆಂಬರಿನಲ್ಲಿ ಹೋಗಿದ್ದ. ಅದೇ ವರ್ಷ ಸ್ಮಿತ್ಸೋನಿಯನ್ ಸಂಸ್ಥೆಯ ‘ಫೋಕ್‌ವೇಸ್’ ತಂದ ಆಲ್ಬಮ್ಮಿನಲ್ಲಿ ಸ್ಟಾರ್ಲಿಂಗ್ ಮತ್ತು ಗ್ರೇ ಅತಿಥಿಗಳಾಗಿ ಬಂದು ಹೊಸಬರ ಜೊತೆ ಹಾಡಿದರು, ಎಮ್ಮಿಲೂ ಕೂಡ. ಸ್ಟಾರ್ಲಿಂಗ್ 2019ರಲ್ಲಿ ತೀರಿಕೊಂಡ. ಮೊದಲ ದಿನದಿಂದ ಒಮ್ಮೆಯೂ ಬಿಡದೆ ಉಳಿದವನು ಎಲ್ಡ್ರಿಜ್ ಒಬ್ಬನೇ. ಯಾರ ನೆಲಮಾಳಿಗೆಯಲ್ಲಿ ಇದು ಹುಟ್ಟಿತೋ ಅವನೇ. ನಲವತ್ತೈದು ವರ್ಷ ಬ್ಯಾಂಜೊ ನುಡಿಸಿ 2016ರಲ್ಲಿ ನಿವೃತ್ತನಾದ, 2024ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದ. ಅವನ ಮಗ ಕ್ರಿಸ್ ಎಲ್ಡ್ರಿಜ್ ಈಗ ‘ಪಂಚ್ ಬ್ರದರ್ಸ್’ ಎಂಬ ಹೆಸರಾಂತ ಬ್ಯಾಂಡಿನ ಗಿಟಾರ್ ವಾದಕ. ಬ್ಲೂಗ್ರಾಸಿನ ವಾದ್ಯಗಳನ್ನೇ ಹಿಡಿದು ಅವರು ಡಫಿ ಕನಸಿನಲ್ಲೂ ನೆನೆಸದ ಕಡೆಗೆ ಹೋಗಿದ್ದಾರೆ.

ಕೇಳಬೇಕೆನಿಸಿದವರಿಗೆ ಒಂದು ಮಾತು. ಸೆಲ್ಲರ್ ಡೋರ್ ರೆಕಾರ್ಡಿನಿಂದ ಶುರು ಮಾಡಿ, ಹೆಡ್‌ಫೋನ್ ಹಾಕಿಕೊಂಡು. ಹಾಡು ಮುಗಿದೊಡನೆ ಮುಂದಕ್ಕೆ ಓಡಿಸಬೇಡಿ, ನಡುವಿನ ಮಾತೂ ಕೇಳಿ. ಶ್ರುತಿ ಮಾಡಿಕೊಳ್ಳುವ ತಂತಿಯ ಸದ್ದು, ಡಫಿಯ ಮಾತಿಗೆ ಯಾರೋ ಜೋರಾಗಿ ನಗುವುದು ಎಲ್ಲ ಅಲ್ಲಿದೆ. ಅದಾದ ಮೇಲೆ 1978ರ ‘ಬ್ಯಾಪ್ಟೈಸಿಂಗ್’. ಶನಿವಾರದ ಅಭ್ಯಾಸಕ್ಕೆ ಮೊದಲು ಕೇಳಿ ಬಂದರೆ ಟೆನರಿನವರ ಜೊತೆ ಮಾತಾಡಲು ಬೇಕಾದಷ್ಟಿರುತ್ತದೆ.